ಬಹುದೂರ ಸಂಚರಿಸಿದ ಕಾರಿನ ದುರಸ್ತಿ

ಮೀಟರು 1 ಲಕ್ಷ ಕಿಲೋಮೀಟರನ್ನು ದಾಟಿದ ಬಳಿಕ ಕಾರಿನ ಅಂಗಗಳು ಒಂದರ ಹಿಂದೊಂದರಂತೆ ಸವೆಯತೊಡಗುತ್ತವೆ. ಕೈಯಲ್ಲಿರುವ ಅಲ್ಪ ಹಣದಿಂದ ಯಾವುದನ್ನು ಮೊದಲು ಸರಿಪಡಿಸಬೇಕು, ಯಾವುದನ್ನು ತಡೆದಿರಿಸಬಹುದು ಎಂಬ ವಿವೇಚನೆಯೇ ಈ ದುರಸ್ತಿಯ ಸಾರ. ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿಯಂತಹ, ಬೇಸಾಯವನ್ನೂ ಕೈಮಗ್ಗವನ್ನೂ ನಂಬಿದ ಊರುಗಳಲ್ಲಿ ವರಮಾನವು ಸುಗ್ಗಿಗೂ ಸೀರೆಯ ವ್ಯಾಪಾರಕ್ಕೂ ಬದ್ಧವಾಗಿರುವುದರಿಂದ, ಗ್ಯಾರೇಜಿನ ಖರ್ಚು ಬರುವ ಕಾಲಕ್ಕೂ ಹಣ ಕೈಸೇರುವ ಕಾಲಕ್ಕೂ ಹೊಂದಾಣಿಕೆ ಇರುವುದು ವಿರಳ.

ಇಂತಹ ವಾಹನಗಳಿಗೆ ಉತ್ತಮ ನಿದರ್ಶನವೆಂದರೆ ಮಾರುತಿ 800. 1983ರ ಡಿಸೆಂಬರಿನಲ್ಲಿ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತ, ಮೂರು ಸಿಲಿಂಡರುಗಳ, 796 ಸಿಸಿ ಇಂಜಿನಿನ ಈ ಕಾರನ್ನು ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿ ಸಣ್ಣ ಊರಿನಲ್ಲಿಯೂ ದೊರೆಯುತ್ತಾನೆ. ಬಡವನ ಪಾಲಿಗೆ ಇದು ಮೈಲೇಜಿಗಿಂತಲೂ ದೊಡ್ಡ ಗುಣ.

ಮೊದಲ ಸ್ಥಾನವು ಪ್ರಾಣಕ್ಕೆ ಸಂಬಂಧಿಸಿದ ಭಾಗಗಳದು: ಬ್ರೇಕು, ಟೈರು, ಸ್ಟೀರಿಂಗು. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ಸ್ವಭಾವದ್ದಾದುದರಿಂದ ಕಾಲಕ್ರಮೇಣ ಅದರ ಕುದಿಬಿಂದು ಇಳಿದು, ಒಳಗಿನ ಲೋಹಕ್ಕೆ ತುಕ್ಕು ಹಿಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಯುಕ್ತ. ಪೆಡಲನ್ನು ಎರಡು ಮೂರು ಸಲ ಒತ್ತಿದ ಮೇಲಷ್ಟೇ ಹಿಡಿಯುವ ಬ್ರೇಕನ್ನು ‘ರೂಢಿಯಾಗಿದೆ’ ಎಂದು ಸಹಿಸಿಕೊಳ್ಳುವವರು ಬಹಳ, ಮತ್ತು ಅದೇ ಕಾರಿನಲ್ಲಿ ಎಂಟು ಮಂದಿಯನ್ನು ತುಂಬಿಕೊಂಡು ಮದುವೆಗೆ ಹೊರಡುವವರೂ ಅವರೇ. ಟೈರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಕೂಡದೆಂದು ಕಾನೂನೇ ವಿಧಿಸಿದೆ.

ಎರಡನೆಯದು ಇಂಜಿನ್ನಿನ ಆಯುಸ್ಸನ್ನು ಕಾಯುವ ಅಗ್ಗದ ಕೆಲಸಗಳು. ಕಾಲಕಾಲಕ್ಕೆ ಆಯಿಲನ್ನೂ ಅದರ ಫಿಲ್ಟರನ್ನೂ ಬದಲಿಸಿದವನು, ಆ ಖರ್ಚನ್ನು ಉಳಿಸಲೆತ್ನಿಸಿ ಕಡೆಗೆ ಇಂಜಿನ್ನನ್ನೇ ಬಿಚ್ಚಿಸುವವನಿಗಿಂತ ಎಷ್ಟೋ ಪಾಲು ಕಡಿಮೆ ವ್ಯಯ ಮಾಡುತ್ತಾನೆ. ಎರೆಭೂಮಿಯ ಸೀಮೆಯಲ್ಲಿ ಬೇಸಗೆಯ ನುಣ್ಣನೆಯ ಧೂಳು ಏರ್ ಫಿಲ್ಟರನ್ನು ಬೇಗನೆ ಮುಚ್ಚಿಬಿಡುವ ಕಾರಣ, ಪುಸ್ತಕದಲ್ಲಿ ಹೇಳಿದ ಅವಧಿಯನ್ನು ಇಲ್ಲಿ ನೆಚ್ಚಲಾಗದು. ರೇಡಿಯೇಟರಿಗೆ ಕೊಳವೆಬಾವಿಯ ಗಡಸು ನೀರನ್ನು ಹೊಯ್ಯುವ ಅಭ್ಯಾಸವಂತೂ ಸರ್ವಥಾ ತ್ಯಾಜ್ಯ. ಕುದಿದ ನೀರಿನ ಲವಣವು ಒಳಗೆ ಪೊರೆಗಟ್ಟಿ, ಹೊರಗೆ ಕಾಣದಂತೆ ಶೈತ್ಯವ್ಯವಸ್ಥೆಯನ್ನು ಕೆಡಿಸುತ್ತದೆ. ಟೈಮಿಂಗ್ ಬೆಲ್ಟು ರಬ್ಬರಿನದಾದುದರಿಂದ ಮುನ್ಸೂಚನೆ ಕೊಡದೆ ಹರಿಯಬಲ್ಲುದು. ಹಳೆಯ ಕಾರನ್ನು ಕೊಂಡವನು, ಬೆಲ್ಟನ್ನು ಹಿಂದೆ ಬದಲಿಸಿದ ದಾಖಲೆ ಇಲ್ಲದಿದ್ದರೆ, ಬದಲಿಸಿಲ್ಲವೆಂದೇ ಭಾವಿಸತಕ್ಕದ್ದು.

ಕ್ಲಚ್ ಪ್ಲೇಟು, ಶಾಕ್ ಅಬ್ಸಾರ್ಬರು ಮುಂತಾದವು ಲಕ್ಷಣ ತೋರಿದ ಮೇಲೆ ನೋಡಿಕೊಳ್ಳಬಹುದಾದವು. ನೀಲಿ ಹೊಗೆಯುಗುಳುವ, ಮಿಸ್ತ್ರಿಗಳ ಮಾತಿನಲ್ಲಿ ‘ಬೋರಿಗೆ ಬಂದ’ ಇಂಜಿನ್ನಿನ ವಿಷಯದಲ್ಲಿ ಮಾತ್ರ ಭಾವುಕತೆ ಸಲ್ಲದು: ರಿಪೇರಿಯ ವೆಚ್ಚವು ಕಾರಿನ ಮಾರಾಟದ ಬೆಲೆಯನ್ನು ಸಮೀಪಿಸುವುದಾದರೆ ಅಂತಹ ಕಾರಿಗೆ ಗುಜರಿಯೇ ಗತಿ.

ಬಣ್ಣ, ಸೀಟಿನ ಹೊದಿಕೆ, ಸಂಗೀತದ ಪೆಟ್ಟಿಗೆಗಳಿಗೆ ಕಡೆಯ ಸ್ಥಾನ. ಖಂಡೇನವಮಿಯಂದು ಗಾಡಿಯನ್ನು ತೊಳೆದು, ಚೆಂಡುಹೂವಿನ ಮಾಲೆ ತೊಡಿಸಿ, ಗಾಲಿಯಡಿ ನಿಂಬೆಹಣ್ಣಿಟ್ಟು ಪೂಜಿಸುವ ಭಕ್ತಿಯಲ್ಲಿ ಕಿಂಚಿತ್ತನ್ನು ಗಾಲಿಯ ಒಳಗಿನ ಬ್ರೇಕ್ ಡ್ರಮ್ಮಿಗೂ ಮೀಸಲಿಟ್ಟರೆ ದೇವರು ಅಪ್ರಸನ್ನನಾಗನು.

ಹಳೆಯ ಕಾರಿಗೆ ದುರಸ್ತಿಯ ಜೊತೆಗೆ ನೋಂದಣಿಯ ವೆಚ್ಚವೂ ಉಂಟು. 1988ರ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ತದನಂತರ ಪರೀಕ್ಷೆಗೊಳಪಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಶಿಗ್ಲಿಯವರು ಇದಕ್ಕಾಗಿ ಕೆಎ 26 ಸಂಖ್ಯೆಯ ಗದಗಿನ ಸಾರಿಗೆ ಕಚೇರಿಯನ್ನು ಆಶ್ರಯಿಸುತ್ತಾರೆ. ಈ ನವೀಕರಣದ ಶುಲ್ಕವು 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು.