ಓಟ ಒಂದೇ, ದಣಿವು ಬೇರೆ

ಒಂದೇ ಮೈದಾನದಲ್ಲಿ ಇಬ್ಬರು ಒಂದೇ ವೇಗದಲ್ಲಿ ಓಡಲಿ. ಒಬ್ಬನ ಎದೆ ನಿಮಿಷಕ್ಕೆ 150 ಬಾರಿ ಬಡಿದರೆ ಇನ್ನೊಬ್ಬನದು 180 ಬಾರಿ ಬಡಿದೀತು. ತರಬೇತಿ ಒಂದೇ ಆದರೂ ದೇಹದ ಮೇಲೆ ಬೀಳುವ ಹೊರೆ ಒಂದೇ ಅಲ್ಲ. ಕಾಲ್ಚೆಂಡಿನ ಲೋಕಕ್ಕೆ ಈ ಸರಳ ಸಂಗತಿ ಮನದಟ್ಟಾಗಲು ದಶಕಗಳೇ ಬೇಕಾದವು. ಬಹುಕಾಲ ತರಬೇತುದಾರನ ಬಳಿ ಇದ್ದದ್ದು ಒಂದು ಸೀಟಿ, ಒಂದು ಗಡಿಯಾರ, ಅಷ್ಟೆ.

ಈ ವಾಡಿಕೆಯನ್ನು ಕದಲಿಸಿದವರಲ್ಲಿ ಮುಖ್ಯರು ಉಕ್ರೇನಿನ ವಲೇರಿ ಲೋಬನೋವ್‌ಸ್ಕಿ. ಎಂಜಿನಿಯರಿಂಗ್ ಓದಿದ್ದ ಈತ 1970ರ ದಶಕದಲ್ಲಿ ಡೈನಮೋ ಕೀವ್ ತಂಡದ ಹೊಣೆ ಹೊತ್ತು, ಅನಾತೊಲಿ ಜೆಲೆಂತ್ಸೊವ್ ಎಂಬ ವಿಜ್ಞಾನಿಯನ್ನು ಜೊತೆಗಿಟ್ಟುಕೊಂಡರು. ಆಟಗಾರರನ್ನು ಪರೀಕ್ಷಿಸಿ, ಅಂಕಿ ಅಂಶ ಕಲೆಹಾಕಿ, ಅಭ್ಯಾಸವನ್ನು ಲೆಕ್ಕದ ಮೇಲೆ ರೂಪಿಸುವ ಕೆಲಸ ನಡೆಯಿತು. ಫಲ ಕೈಗೆ ಬಂತು: 1975ರಲ್ಲಿ ಬಾಸೆಲ್ ನಗರದಲ್ಲಿ ಹಂಗೇರಿಯ ಫೆರೆನ್ಸ್‌ವಾರೋಸ್ ತಂಡವನ್ನು 3-0 ಗೋಲುಗಳಿಂದ ಮಣಿಸಿ ಯುರೋಪಿನ ಕಪ್ ವಿಜೇತರ ಕಪ್ ಗೆದ್ದರು. ಅದೇ ವರ್ಷ ಒಲೆಗ್ ಬ್ಲೋಖಿನ್ ಯುರೋಪಿನ ಶ್ರೇಷ್ಠ ಆಟಗಾರನೆನಿಸಿದ.

ಮರುವರ್ಷವೇ ಪೆಟ್ಟು ಬಿತ್ತು. ಹೆಚ್ಚುಕಡಿಮೆ ಅದೇ ಆಟಗಾರರು ಸೋವಿಯತ್ ರಾಷ್ಟ್ರೀಯ ತಂಡವನ್ನೂ ಹೊರಬೇಕಾಗಿತ್ತು. 1976ರ ವಸಂತದಲ್ಲಿ ಕ್ಲಬ್ಬು ಫ್ರಾನ್ಸಿನ ಸೇಂತ್ ಎತಿಯೆನ್ ತಂಡಕ್ಕೆ ಸೋತಿತು. ರಾಷ್ಟ್ರೀಯ ತಂಡ ಚೆಕೊಸ್ಲೊವಾಕಿಯಾಕ್ಕೆ ಸೋತಿತು. ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ದಕ್ಕಿದ್ದು ಕಂಚು ಮಾತ್ರ. ವಿಪರೀತ ಅಭ್ಯಾಸದಿಂದ ಬೇಸತ್ತ ಆಟಗಾರರು ತರಬೇತುದಾರರ ವಿರುದ್ಧವೇ ತಿರುಗಿಬಿದ್ದರು. ಲೆಕ್ಕ ಹಾಕಿದ್ದು ತಪ್ಪಲ್ಲ. ದಣಿದವನ ಮಾತಿಗೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲವೆಂದು ನನಗನ್ನಿಸುತ್ತದೆ.

ಆಮೇಲೆ ಸಾಧನಗಳು ಒಂದೊಂದಾಗಿ ಬಂದವು. 1982ರಲ್ಲಿ ಫಿನ್ಲೆಂಡಿನ ಪೋಲಾರ್ ಕಂಪನಿ ಎದೆಗೆ ಕಟ್ಟುವ, ತಂತಿಯಿಲ್ಲದ ಹೃದಯಬಡಿತ ಮಾಪಕವನ್ನು ಮಾರುಕಟ್ಟೆಗೆ ತಂದಿತು. ಪಂದ್ಯದ ನಡುವೆಯೂ ಆಟಗಾರರು ಅಳತೆಯ ಉಪಕರಣ ಧರಿಸಲು ಕಾಲ್ಚೆಂಡಿನ ನಿಯಮ ಮಂಡಳಿ 2015ರಲ್ಲಿ ಒಪ್ಪಿತು.

ಆದರೆ ಅತ್ಯಂತ ಅಗ್ಗದ ಉಪಾಯಕ್ಕೆ ಯಂತ್ರವೇ ಬೇಡ. ಅಮೆರಿಕದ ಕಾರ್ಲ್ ಫಾಸ್ಟರ್ ಪ್ರಚಾರಕ್ಕೆ ತಂದ ಕ್ರಮವಿದು: ಅಭ್ಯಾಸ ಮುಗಿದ ಸುಮಾರು ಅರ್ಧ ಗಂಟೆಯ ಮೇಲೆ "ಎಷ್ಟು ಕಷ್ಟವಾಯಿತಪ್ಪಾ?" ಎಂದು ಪ್ರತಿಯೊಬ್ಬನನ್ನೂ ಕೇಳುವುದು, ಹತ್ತಕ್ಕೆ ಅವನು ಕೊಟ್ಟ ಅಂಕವನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸುವುದು. 90 ನಿಮಿಷಕ್ಕೆ ಒಬ್ಬ 4 ಎಂದರೆ 360. ಪಕ್ಕದವನು 7 ಎಂದರೆ 630. ನಾಳೆ ಯಾರಿಗೆ ಬಿಡುವು ಬೇಕೆಂಬುದು ಹೀಗೆ ಹೊಳೆಯುತ್ತದೆ. ಒಂದೇ ತೊಡಕು: ಭಾನುವಾರದ ಪಂದ್ಯಕ್ಕೆ ತನ್ನನ್ನು ಕೈಬಿಟ್ಟಾರೆಂದು ಹೆದರಿದ ಹುಡುಗ, ಏಳು ಎನ್ನಬೇಕಾದಲ್ಲಿ ನಾಲ್ಕು ಎಂದುಬಿಡಬಹುದು.