ಮನೆತನದ ನೆನಪೂ ಬೇಗೂರಿನ ಕಲ್ಲುಗಳೂ

ಮುತ್ತಜ್ಜನ ಹೆಸರನ್ನು ಬಲ್ಲವರು ಅನೇಕರಿರುವರು. ಆತನ ಬಾಳನ್ನು ಬಲ್ಲವರು ವಿರಳ. ಬೆಂಗಳೂರಿಗೆ ಮೂಡಲಲ್ಲಿರುವ ಮಾರತ್ತಹಳ್ಳಿಯ ಸುತ್ತಿನ ಗ್ರಾಮಗಳಲ್ಲಿ ಈ ಮಾತು ಇಂದು ವಿಶೇಷವಾಗಿ ದಿಟವಾಗಿದೆ. ರಾಗಿಯ ಹೊಲಗಳಿದ್ದೆಡೆಯಲ್ಲಿ ಗಣಕಯಂತ್ರದ ಉದ್ಯಮಗಳ ಸೌಧಗಳು ಎದ್ದಿವೆ. ಭೂಮಿಯ ಕ್ರಯವಿಕ್ರಯ ಒದಗಿದಾಗ ಮನೆಯ ಹಳೆಯ ಪೆಟ್ಟಿಗೆಯನ್ನು ತೆರೆಯುವರು. ಕ್ರಯಪತ್ರ, ವಿಭಾಗಪತ್ರ, ಪಹಣಿಗಳು ಹೊರಬರುವುವು. ಕಚೇರಿಗೆ ಒಪ್ಪಿಸುವುದಕ್ಕಾಗಿ ವಂಶವೃಕ್ಷವೊಂದು ಸಿದ್ಧವಾಗುವುದು. ಹಕ್ಕು ಸ್ಥಿರಪಟ್ಟೊಡನೆ ಪೆಟ್ಟಿಗೆ ಮತ್ತೆ ಮುಚ್ಚುವುದು. ಆ ವೃಕ್ಷದ ಕೊಂಬೆಗಳಲ್ಲಿರುವ ಹಿರಿಯರು ಹೇಗೆ ಬದುಕಿದರು, ಯಾವುದಕ್ಕಾಗಿ ದುಡಿದರು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಒಬ್ಬ ಪೂರ್ವಿಕನ ಬಾಳನ್ನು ಅರಸುವವನಿಗೆ ದೊರೆಯುವ ಆಧಾರಗಳು ಎರಡು ಬಗೆ: ಬರೆಹ ಮತ್ತು ನೆನಪು. ಶಾನುಭೋಗರು ಕಡತಗಳಲ್ಲಿ ಲೆಕ್ಕ ಬರೆದಿಡುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಬಳಪದಿಂದ ಬರೆಯುವ ಪದ್ಧತಿ ಅದು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾನೂನು ರದ್ದುಗೊಳಿಸಿತು. ಅನಂತರ ಎಷ್ಟೋ ಕಡತಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾದುವು. ಕಡತವಾದರೂ ಹೇಳುವುದು ಹಿಡುವಳಿಯನ್ನೂ ಕಂದಾಯವನ್ನೂ ಮಾತ್ರ; ಅವನು ಕೋಪಿಷ್ಠನೋ ದಯಾಳುವೋ ಎಂಬುದನ್ನು ಅಜ್ಜಿಯೇ ಹೇಳಬೇಕು.

ಆದರೆ ಅಜ್ಜಿಯ ನೆನಪಿಗೆ ಇಸವಿಯಿಲ್ಲ, ಸಂವತ್ಸರವಿದೆ. “ಧಾತು ಸಂವತ್ಸರದ ಬರದಲ್ಲಿ ಹುಟ್ಟಿದವರು” ಎಂದು ಹೇಳಿದರೆ ಕೇಳುವವನು ಎಚ್ಚರದಿಂದಿರತಕ್ಕದ್ದು. ಅರುವತ್ತು ವರ್ಷಗಳಿಗೊಮ್ಮೆ ಅದೇ ಹೆಸರು ಮರಳಿ ಬರುವುದರಿಂದ, ಧಾತು ಎಂದರೆ 1876-77 ಆಗಬಹುದು, 1936-37 ಆಗಬಹುದು. ಬರದ ಮಾತು ಜೊತೆಗಿದ್ದುದರಿಂದ ಮೊದಲನೆಯದೇ ಸರಿಯೆಂದು ನಿಶ್ಚಯಿಸಬಹುದು. ಏಕೆಂದರೆ ಮೈಸೂರು ಸೀಮೆಯನ್ನು ಹಾಳುಗೆಡಹಿದ ಮಹಾಕ್ಷಾಮವು ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 78ರವರೆಗೆ, ನಡೆಯಿತು. ಹಾಗೆಯೇ ಬೆಂಗಳೂರಿನ 1898ರ ಪ್ಲೇಗೂ 1918ರ ಇನ್‌ಫ್ಲುಯೆಂಜವೂ ಎಷ್ಟೋ ಮನೆಗಳ ಕಥೆಗಳಿಗೆ ಕಾಲವನ್ನು ಕಟ್ಟಿಕೊಡುವ ಗೂಟಗಳಾಗಿವೆ. ಹೀಗೆ ನೆನಪು ಬಾಳನ್ನು ಕೊಡುತ್ತದೆ, ಬರೆಹ ಕಾಲವನ್ನು ಕೊಡುತ್ತದೆ; ಒಂದನ್ನು ಬಿಟ್ಟರೆ ಇನ್ನೊಂದು ಕುಂಟುವುದು.

ನೆನಪು ಪೂರ್ಣವಾಗಿ ಅಳಿದು ಬರೆಹ ಮಾತ್ರ ಉಳಿದರೆ ಏನಾಗುವುದೆಂಬುದಕ್ಕೆ ಈ ನೆರೆಯಲ್ಲಿಯೇ ಒಂದು ನಿದರ್ಶನವಿದೆ. ಮಾರತ್ತಹಳ್ಳಿಗೆ ನೈರುತ್ಯದಲ್ಲಿ ಸುಮಾರು ಹನ್ನೆರಡು ಕಿಲೋಮೀಟರು ದೂರದಲ್ಲಿ ಬೇಗೂರಿದೆ. ಶಾಸನಗಳಲ್ಲಿ ಇದರ ಹೆಸರು ಬೆಂಪೂರು. ಸಾವಿರದ ನೂರು ವರ್ಷಗಳ ಹಿಂದೆ ಇಲ್ಲಿ ಗಂಗರ ಅಧಿಕಾರಿಯಾಗಿ ನಾಗತ್ತರನೆಂಬವನಿದ್ದನು. ಆತನ ಮನೆತನದ ಚರಿತ್ರೆ ಇಂದು ಕೆಲವು ಕಲ್ಲುಗಳಲ್ಲಿ ಮಾತ್ರ ಇದೆ.

ಮೊದಲನೆಯದು ನಾಗತ್ತರನದೇ ವೀರಗಲ್ಲು. ಗಂಗರಾಜನಾದ ಎರೆಯಪ್ಪನು ಅವನನ್ನು ಅಯ್ಯಪದೇವನಿಗೆ ನೆರವಾಗಿ ವೀರಮಹೇಂದ್ರನ ಮೇಲಣ ಯುದ್ಧಕ್ಕೆ ಕಳುಹಿಸಿದನು. ತುಂಬೆಪಾಡಿಯಲ್ಲಿ ಹೋರಾಡಿ ಅವನು ಮಡಿದನು. ಬಿ. ಎಲ್. ರೈಸರು 1905ರಲ್ಲಿ ಪ್ರಕಟವಾದ ತಮ್ಮ ಬೆಂಗಳೂರು ಜಿಲ್ಲೆಯ ಶಾಸನಸಂಪುಟದಲ್ಲಿ ಇದನ್ನು ಅಚ್ಚುಮಾಡಿಸಿದರು. ಆನೆ ಕುದುರೆಗಳು ನುಗ್ಗಾಡುವ ರಣರಂಗವನ್ನು ಕೆತ್ತಿರುವ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಎರಡನೆಯದು ಬೇಗೂರಿನ ನಾಗೇಶ್ವರ ದೇವಾಲಯದ ಆವರಣದ ಪ್ರಸಿದ್ಧ ಶಾಸನ, ಸುಮಾರು ಕ್ರಿ. ಶ. 890ರದು. ಬೆಂಗಳೂರೆಂಬ ಹೆಸರನ್ನು ಹೇಳುವ ಈ ಶಾಸನವು, ಆ ಊರ ಕಾಳಗದಲ್ಲಿ ಬುಟ್ಟಣಸೆಟ್ಟಿಯ ಮರಣವನ್ನು ತಿಳಿಸುತ್ತದೆ.

ಸಂಬಂಧವನ್ನು ಅರಸುವವನಿಗೆ ತೊಡಕು ಇಲ್ಲಿಂದಲೇ ಮೊದಲಾಗುವುದು. ಬುಟ್ಟಣಸೆಟ್ಟಿಯನ್ನು ನಾಗತ್ತರನ ಮಗನೆಂದು ಕೆಲವರು ಬರೆದಿದ್ದಾರೆ, ಮನೆಯ ಆಳೆಂದು ಕೆಲವರು. ಮಗನಿಗೂ ಆಳಿಗೂ ಇರುವ ಅಂತರವು ಆ ಮನೆಯವರಿಗೆ ಸಂದೇಹದ ವಿಷಯವೇ ಆಗಿರಲಿಲ್ಲ. ಬಲ್ಲವರು ಅಳಿದುಹೋದ ಮೇಲೆ ಅದೇ ವಿದ್ವಾಂಸರ ಚರ್ಚೆಯಾಯಿತು. ಇನ್ನೊಂದು ತೊಡಕು ಹೆಸರಿನದು. ನಾಗತ್ತರನು ಮಡಿದ ಮೇಲೆ ಎರೆಯಪ್ಪನು ಇರುಗನೆಂಬವನಿಗೆ “ನಾಗತ್ತರ” ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಟ್ಟನು. ಒಬ್ಬನ ಹೆಸರೆಂದು ತೋರುವುದೇ ಇನ್ನೊಬ್ಬನಿಗೆ ಪದವಿಯಾಯಿತು. ಮಾರತ್ತಹಳ್ಳಿಯಿಂದ ಬೇಗೂರಿಗೆ ಹೋಗುವ ದಾರಿಯ ಅಗರದಲ್ಲಿಯೂ, ಕೆರೆಗಳಿಗೆ ತೂಬಿಡಿಸಿ ಹೊಸ ಕೆರೆ ಕಟ್ಟಿಸಿದ ಇರುಗಮಯ್ಯನೆಂಬವನ ಶಾಸನವಿದೆ. ಹೆಸರು ಹೋಲಿತೆಂಬ ಮಾತ್ರಕ್ಕೆ ಇಬ್ಬರೂ ಒಬ್ಬನೇ ಎಂದು ಸಾಧಿಸಲಾಗದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ನಾಡಿನಲ್ಲಿ ಪ್ರತಿಯೊಂದು ಹಳೆಯ ಪತ್ರವನ್ನೂ ಇದೇ ಎಚ್ಚರದಿಂದ ಓದಬೇಕು.

ಇವೆಲ್ಲಕ್ಕಿಂತ ಮನಸ್ಸನ್ನು ಹಿಡಿಯುವುದು ಬೇಗೂರಿನ ಇನ್ನೊಂದು ಕಲ್ಲು. ನಾಗತ್ತರನ ಮಗಳು ತೊಂಡಬ್ಬೆ ಜೈನವಿಧಿಯಂತೆ ಆಹಾರವನ್ನು ತೊರೆದು ದೇಹತ್ಯಾಗ ಮಾಡಿದಳೆಂದು ಅದು ಹೇಳುತ್ತದೆ. ಬುಟ್ಟಣನ ವಿಷಯದಲ್ಲಿ ಮೂಡಿದ ಸಂದೇಹ ಈಕೆಯ ವಿಷಯದಲ್ಲಿಲ್ಲ. ಗಂಡಸರ ಕಾಳಗಗಳ ನಡುವೆ ಆ ಮನೆಯ ಹೆಣ್ಣುಮಗಳೊಬ್ಬಳು ತನ್ನ ಹೆಸರಿನಿಂದಲೇ ಉಳಿದುಬಂದಿದ್ದಾಳೆ. ಇಂದಿನ ವಂಶವೃಕ್ಷಗಳಲ್ಲಿಯೋ, ಹೊಲದ ಹಕ್ಕಿಗಾಗಿ ಬರೆದವಾದ ಕಾರಣ, ಹೆಣ್ಣುಮಕ್ಕಳ ಹೆಸರು ಬಹುಕಾಲ ಬಿಟ್ಟುಹೋಗುತ್ತಿತ್ತು. ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲು ಕೊಡುವ ಕಾನೂನು ಕರ್ನಾಟಕದಲ್ಲಿ 1994ರಲ್ಲಿ ಬಂದಿತು, ದೇಶಕ್ಕೆಲ್ಲ 2005ರಲ್ಲಿ. ಅಂದಿನಿಂದ ಮಗಳ ಹೆಸರನ್ನು ಮರೆಯುವುದು ಕಚೇರಿಯ ದೃಷ್ಟಿಯಿಂದಲೂ ತಪ್ಪಾಗಿದೆ. ಆದರೂ ಕೊಟ್ಟ ಮನೆಗೆ ಹೋದ ಸೋದರತ್ತೆಯಲ್ಲಿಯೇ ತವರಿನ ಕಥೆಗಳು ಹೆಚ್ಚಾಗಿ ಉಳಿದಿರುವುವೆಂಬುದನ್ನು ಕಾನೂನು ಹೇಳುವುದಿಲ್ಲ.

ಈಚೆಗೆ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಸುತ್ತಿನ ಶಾಸನಗಳ ಪ್ರತಿರೂಪವನ್ನು ಹೊಸ ಯಂತ್ರಗಳ ಸಹಾಯದಿಂದ ಸಂಗ್ರಹಿಸುತ್ತಿರುವುದು ಶ್ಲಾಘ್ಯವಾದ ಕಾರ್ಯ. ಕಲ್ಲಿಗೆ ಯಂತ್ರವುಂಟು, ಅಜ್ಜಿಯ ನೆನಪಿಗೆ ಮನೆಯವರೇ ಗತಿ. ಯಾರು ಹೇಳಿದರು, ಯಾವ ದಿನ ಹೇಳಿದರು, ಕಂಡದ್ದೋ ಕೇಳಿದ್ದೋ ಎಂಬುದನ್ನು ಸೇರಿಸಿ ಒಂದು ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಕ್ರಯಪತ್ರಗಳ ಪೆಟ್ಟಿಗೆಯಲ್ಲಿಯೇ ಇಡುವುದು ಒಳ್ಳೆಯದು. ನಾಗತ್ತರನ ಮನೆಯಲ್ಲಿ ಅಂಥದೊಂದು ಓಲೆಯ ಕಟ್ಟು ಉಳಿದಿದ್ದರೆ, ಬುಟ್ಟಣನು ಆ ಮನೆಯಲ್ಲಿ ಯಾರೆಂದು ಇಂದು ಯಾರೂ ಕೇಳಬೇಕಾಗಿರಲಿಲ್ಲ.