ಗಾಡಿ ಹಿಂದಿನ ಕೆಂಪು ದೀಪ: ಕಂದೀಲಿನಿಂದ ರೇಡಿಯಂವರೆಗೆ



ಹಳಿಯಾಳ ಕಡೆ ಕಬ್ಬಿನ ಹಂಗಾಮು ಬಂತಂದ್ರ ರಾತ್ರಿ ರಸ್ತೆ ತುಂಬ ಟ್ರ್ಯಾಕ್ಟರು. ಹಿಂದೆ ಟ್ರೇಲರ್, ಎರಡೂ ಬದಿಗೆ ಹೊರಗೆ ಚಾಚಿದ ಕಬ್ಬು. ಮುಂದಿನ ದೀಪ ಎಲ್ಲರದೂ ಚೊಲೋ ಇರತಾವ, ಯಾಕಂದ್ರ ಅದು ನಮಗೆ ಬೇಕು. ಹಿಂದಿನ ದೀಪ ನಮ್ಮ ಕಣ್ಣಿಗೆ ಬೀಳೂದಿಲ್ಲ. ಅದು ಹಿಂದೆ ಬರೋ ಬೈಕಿನವನಿಗೆ ಬೇಕಾದದ್ದು. ಆ ದೀಪ ಎಲ್ಲಿಂದ ಬಂತು, ಹಳೇ ಗಾಡಿಗಳಲ್ಲಿ ಯಾಕೆ ಮಂಕಾಗಿರತದ ಅನ್ನೂದನ್ನ ಇವತ್ತು ಬರೀತೀನಿ.

ಮೊದಲು ಚಕ್ಕಡಿ. ಹಿರಿಯರು ರಾತ್ರಿ ಹೊರಟರೆ ಅಚ್ಚಿನ ಕೆಳಗೆ ಒಂದು ಕಂದೀಲು ಕಟ್ಟುತ್ತಿದ್ದರು. ಕೆಂಪಲ್ಲ, ಬರೇ ಹಳದಿ ಬೆಳಕು. ಅದು ತೂಗಾಡುವಾಗ ಗಾಲಿಯ ನೆರಳು ರಸ್ತೆ ಮೇಲೆ ಓಡಾಡುತ್ತಿತ್ತು, ಮುಂದಿನವರಿಗೂ ಹಿಂದಿನವರಿಗೂ ಕಾಣುತ್ತಿತ್ತು. ಹಿಂದೆ ಬರುವುದೂ ಇನ್ನೊಂದು ಚಕ್ಕಡಿಯೇ. ಎತ್ತಿನ ನಡಿಗೆಗೆ ಅಷ್ಟು ಬೆಳಕು ಸಾಕಾಗುತ್ತಿತ್ತು.

ಕೆಂಪು ಅಂದರೆ ಅಪಾಯ, ನಿಲ್ಲು ಎಂಬ ಅರ್ಥವನ್ನು ಮೋಟಾರು ಬರುವ ಮೊದಲೇ ರೈಲಿನವರು ರೂಢಿ ಮಾಡಿದ್ದರು. ಕಟ್ಟಿಗೆ ಸಾಗಿಸಿದ ನಮ್ಮ ಅಳ್ನಾವರ–ದಾಂಡೇಲಿ ಲೈನು ಎಲ್ಲರಿಗೂ ಗೊತ್ತು. ರೈಲಿನ ಕಡೇ ಡಬ್ಬಿಗೆ ರಾತ್ರಿ ಕೆಂಪು ದೀಪ ಇರಬೇಕು. ಅದು ಹಿಂದೆ ಬರುವವರಿಗೆ ಎಚ್ಚರಿಕೆ ಅಷ್ಟೇ ಅಲ್ಲ. ಡಬ್ಬಿ ಯಾವುದೂ ದಾರಿಯಲ್ಲಿ ಕಳಚಿ ಉಳಿದಿಲ್ಲ ಅಂತ ಸ್ಟೇಶನ್ ಮಾಸ್ತರಿಗೆ ಗುರುತು ಕೂಡ.

ಮೋಟಾರು ಬಂದಾಗ ಹಿಂದೆ ಇದ್ದದ್ದು ಒಂದೇ ದೀಪ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಹಿಂದೆ ಸೀಮೆಎಣ್ಣೆಯ ದೀಪ ಇತ್ತು. ನಮ್ಮ ಕಂದೀಲಿನ ಅಣ್ಣತಮ್ಮ ಅನ್ರಿ. ಮುಂದೆ ಡೈನಮೋ, ಬ್ಯಾಟರಿ ಬಂದವು, ಬಲ್ಬು ಬಂತು. ಆದರೂ ಆ ಕಾಲದ ರಸ್ತೆಯಲ್ಲಿ ಗಾಡಿ ಕಡಿಮೆ, ವೇಗ ಕಡಿಮೆ. ಸಣ್ಣ ಬಲ್ಬು ನಡೆಯುತ್ತಿತ್ತು.

ನಮ್ಮ ಕಾಡಿನ ಜೀಪಿನ ಕಥೆ ಇನ್ನೂ ಮಜಾ ಅದ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಹಿಂದಿನ ದೀಪವನ್ನು ಮೇಲೆ ಹಾರುವ ವಿಮಾನಕ್ಕೆ ಕಾಣಬಾರದು ಅಂತಲೇ ಮಾಡಿದ್ದರು. ಸಣ್ಣ ಸೀಳಿನಲ್ಲಿ ಚೂರೇ ಬೆಳಕು. ಹಿಂದಿನ ಜೀಪಿನವನಿಗೆ ಹತ್ತಿರ ಬಂದರೆ ಹೆಚ್ಚು ಚುಕ್ಕಿ, ದೂರ ಹೋದರೆ ಒಂದೇ ಚುಕ್ಕಿ ಕಾಣಬೇಕು. ಅದರ ಮೇಲೆ ಅಂತರ ಅಳೆಯುವ ಲೆಕ್ಕ. ವೈರಿಗೆ ಕಾಣದ ಹಾಗೆ ಮಾಡಿದ ಗಾಡಿಯ ವಂಶವೇ ಮುಂದೆ ಮಹೀಂದ್ರ ಕಂಪನಿಯ ಕೈಯಲ್ಲಿ ಭಾರತದಲ್ಲಿ ಬೆಳೀತು. ಜೋಯಿಡಾ ಘಾಟಿನ ಮಳೆ, ಮಂಜಿನಲ್ಲಿ ಬೇಕಾದದ್ದು ಸರಿಯಾಗಿ ಇದರ ಉಲ್ಟಾ.

1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದ ಮೇಲೆ ದಾಂಡೇಲಿ ರಸ್ತೆಗೆ ಬಿದಿರಿನ ಲಾರಿ ಬಂದವು. ಮಾಲು ಹಿಂದೆ ಚಾಚಿದ್ದರೆ ಹಗಲು ಕೆಂಪು ಬಟ್ಟೆ, ರಾತ್ರಿ ಕೆಂಪು ದೀಪ ಅನ್ನೋ ರೂಢಿ ಡ್ರೈವರುಗಳಿಗೆ ಗೊತ್ತಿತ್ತು. ಗಾಡಿಯ ತುದಿ ಅಲ್ಲ, ಮಾಲಿನ ತುದಿ ಕಾಣಬೇಕು. ಕಬ್ಬಿನ ಟ್ರೇಲರಿಗೂ ಇದೇ ಮಾತು.

ಹಳೇ ಗಾಡಿಯ ದೀಪ ಮಂಕಾಗೋದು ಯಾಕ? ಹಿಂದಿನ ಬಲ್ಬು ಬರೇ 5 ವ್ಯಾಟಿಂದು, ಬ್ರೇಕ್ ಒತ್ತಿದರೆ 21 ವ್ಯಾಟು. ಅರ್ತ್ ಜಾಗಕ್ಕೆ ತುಕ್ಕು ಹಿಡಿದರೆ ಕರೆಂಟು ಪೂರ್ತಿ ತಲುಪೋದಿಲ್ಲ. 12 ವೋಲ್ಟಿನಲ್ಲಿ ಒಂದೂವರೆ ವೋಲ್ಟು ಸೋರಿಹೋದರೆ ಬೆಳಕು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಗತದ. ಮ್ಯಾಲ ಒಳಗಿನ ಬೆಳ್ಳಿ ಬಣ್ಣದ ಬಟ್ಟಲು ಕಪ್ಪಾಗಿರತದ, ಕೆಂಪು ಗ್ಲಾಸು ಧೂಳು ಕುಡಿದಿರತದ. ಡೈನಮೋ ಇರುವ ಗಾಡಿ ನಿಧಾನ ತಿರುಗುವಾಗ ಚಾರ್ಜೂ ಕೊಡೂದಿಲ್ಲ.

ಅದೇ ಹೊತ್ತಿಗೆ ರಸ್ತೆ ಬದಲಾಗ್ಯಾವ. ಗಂಟೆಗೆ 60 ಕಿ.ಮೀ. ಓಡುವ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬಂದಿರತದ. ಅವನಿಗೆ ನಮ್ಮ ಟ್ರೇಲರು ಕಂಡು, ತಿಳಿದು, ಬ್ರೇಕ್ ಹಿಡಿಯಬೇಕು. ಒಂದೇ ದೀಪ ಉರೀತಿದ್ದರೆ ಮುಂದೆ ಬೈಕು ಅದ ಅಂತ ತಿಳಿದು ಬಲಕ್ಕೆ ಸರಿದು ನೇರ ಕಬ್ಬಿನೊಳಗೇ ನುಗ್ಗತಾನ. ಎರಡೂ ದೀಪ ಎರಡು ಅಂಚಿಗೆ ಇರಬೇಕು ಅನ್ನೂದು ಅದಕ್ಕ.

ಕರೆಂಟಿಲ್ಲದ ಉಪಾಯವೂ ಹಳೇದೇ. ಇಂಗ್ಲೆಂಡಿನ ಪರ್ಸಿ ಶಾ 1934ರಲ್ಲಿ ರಸ್ತೆ ನಡುವೆ ಹುಗಿಯುವ 'ಬೆಕ್ಕಿನ ಕಣ್ಣು' ಮಾಡಿದ. ಬಂದ ಬೆಳಕನ್ನು ಬಂದ ಕಡೆಗೇ ತಿರುಗಿಸುವುದು ಅದರ ಗುಣ. ನಾವು ರೇಡಿಯಂ ಅನ್ನೂ ಪಟ್ಟಿಯ ಕೆಲಸವೂ ಅದೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಗಾಡಿ ಹಿಂದೆ ಎರಡು ಕೆಂಪು ರಿಫ್ಲೆಕ್ಟರ್ ಇರಬೇಕು. ಟ್ರೇಲರೂ ಅದರಾಗ ಬಂತು.

ಹಂಗಾಮಿನ ಮೊದಲು ಇಷ್ಟು ಮಾಡ್ರಿ:

1. ಅರ್ತ್ ಜಾಗ ಸ್ಯಾಂಡ್ ಪೇಪರಿನಿಂದ ತಿಕ್ಕಿ ಬಿಗಿ ಮಾಡ್ರಿ. ಟ್ರೇಲರಿಗೆ ಬೇರೆ ಅರ್ತ್ ವಾಯರು ಎಳೀರಿ, ಕೊಂಡಿಯನ್ನ ನಂಬಬ್ಯಾಡ್ರಿ.
2. ಗ್ಲಾಸು ತೊಳೀರಿ, ಒಳಗಿನ ಬಟ್ಟಲು ಕಪ್ಪಾಗಿದ್ದರೆ ಬೆಳ್ಳಿ ಪೇಂಟು ಹಚ್ಚರಿ.
3. ಎಲ್‌ಇಡಿ ಹಾಕಿದರೆ ಕೆಂಪು ಗ್ಲಾಸಿಗೆ ಕೆಂಪು ಎಲ್‌ಇಡಿ. ಬಿಳಿಯದರ ಬೆಳಕನ್ನು ಗ್ಲಾಸೇ ಬಹಳಷ್ಟು ನುಂಗತದ.
4. ಕಬ್ಬು ಹೇರಿದ ಮೇಲೆ ಹಿಂದೆ ಹತ್ತು ಮಾರು ಹೋಗಿ ನೋಡ್ರಿ. ದೀಪ ಮುಚ್ಚಿದ್ದರೆ ಕಬ್ಬಿನ ತುದಿಗೇ ರೇಡಿಯಂ ಹಚ್ಚಿದ ಹಲಗೆ ಕಟ್ರಿ.
5. ಪಂಕ್ಚರ್ ಆಗಿ ನಿಂತರೆ ಬರೇ ಕಲ್ಲು ಇಟ್ಟು ಹೋಗಬ್ಯಾಡ್ರಿ. ಹಿಂದೆ ದೂರದಿಂದಲೇ ಕಾಣೂ ಹಂಗ ರಿಫ್ಲೆಕ್ಟರ್ ಇಡ್ರಿ. ಕಬ್ಬು ಇಳಿಸಿ ಹೊರಟ ಮೇಲೆ ಆ ಕಲ್ಲನ್ನೂ ತೆಗೀರಿ.

ರೇಡಿಯಂ ಪಟ್ಟಿಯ ಖರ್ಚು ಒಂದು ಟ್ರಿಪ್ಪಿನ ಡೀಸೆಲ್ಲಿಗಿಂತ ಕಡಿಮೆ. ಹಿಂದೆ ಬರೋರು ನಮ್ಮ ಊರಿನ ಹುಡುಗರೇ ಇರತಾರ.